ಏಗ್ಲೆಯ ಎರಡನೇ ಸುತ್ತು

ಸಿದೋನಿಯ ಬಗ್ಗೆ ಬರೆ ಎಂದು ಸಿದೋನಿಯೇ ಹೇಳಿದ್ದಾಳೆ. ಬರೆಯುವುದಾದರೆ ಒಳ್ಳೆಯದನ್ನಷ್ಟೇ ಬರೆದು ನನ್ನನ್ನು ಗೊಂಬೆ ಮಾಡಿ ಕೂರಿಸಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆ, ಈಗ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ ಎಂದಳು. ಆಗಲಿ. ನನಗೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿಹೋಗಿದೆ.

ಅವಳು ನಮ್ಮ ವಾರ್ಜೆಲ್ ಊರಿನ ಕಾಲುವೆ ಗೇಟು ಕಾಯುತ್ತಿದ್ದವಳು. ಅವಳ ಅಪ್ಪನದೂ ಅದೇ ಕೆಲಸ. ದೋಣಿ ಬಂದರೆ ಗೇಟು ಮುಚ್ಚಿ ನೀರು ತುಂಬಿಸಬೇಕು, ನೀರಿನ ಜೊತೆ ದೋಣಿ ಮೇಲೇರಿದ ಮೇಲೆ ಮುಂದಿನ ಗೇಟಿನವರಿಗೆ ಕೂಗಿ ತಿಳಿಸಬೇಕು. ಬರ್ಗಂಡಿಯ ಚಳಿಗಾಲದ ಮಂಜಿನಲ್ಲಿ ದೋಣಿ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಹುಡುಗಿಯಾಗಿದ್ದಾಗಿನಿಂದ ಹಾಗೆ ಕೂಗಿ ಕೂಗಿಯೇ ಸಿದೋನಿ ಗಂಟಲು ಬೆಳೆಸಿಕೊಂಡಳು. ಒಮ್ಮೆ ಕುಡಿದು ಬಂದ ದೋಣಿಯವನೊಬ್ಬ ಅವಳ ಸೊಂಟಕ್ಕೆ ಕೈಹಾಕಿದ. ದೋಣಿ ಎಳೆಯುವ ಕೊಕ್ಕೆಗೋಲಿನಿಂದ ಅವನನ್ನು ನೀರಿಗೆ ನೂಕಿದಳು. ಆಮೇಲೆ ಅದೇ ಕೋಲಿನಿಂದ ಮೇಲಕ್ಕೆಳೆದು, ಅಪ್ಪನ ಒಣ ಅಂಗಿ ಕೊಟ್ಟು, ಬಿಸಿ ಸೂಪು ಕುಡಿಸಿ ಕಳಿಸಿದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಇಲ್ಲಿಗೆ ಬರುವವರೆಲ್ಲ ದೋಣಿಯವರು, ಗೇಟು ತೆಗೆದ ತಕ್ಷಣ ಹೊರಟುಹೋಗುತ್ತಾರೆ ಎನ್ನುತ್ತಿದ್ದಳು.

ನಮ್ಮೂರಿಗೆ ನಮ್ಮದೇ ಆದ ಒಂದು ಒಪೇರಾ ಇದೆ. ರಾಜರ ಕಾಲದಲ್ಲಿ ನಮ್ಮ ಚರ್ಚಿನ ಆರ್ಗನ್ ನುಡಿಸುತ್ತಿದ್ದ ರೆಮಿ ಗೋದಿಯೇ ಎಂಬಾತ ಕಟ್ಟಿದ್ದು. ಹೆಸರು ‘ಏಗ್ಲೆಯ ಚಿಲುಮೆ’. ಕುರಿ ಕಾಯುವ ಹುಡುಗಿ ಏಗ್ಲೆ, ಅವಳ ಹುಡುಗ, ಅವರಿಬ್ಬರನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಒಬ್ಬ ನದೀದೇವತೆ, ಒಂದು ಬಿರುಗಾಳಿ, ಕೊನೆಗೆ ಎಲ್ಲರೂ ಸೇರಿ ಕುಣಿಯುವುದು. ಕಥೆ ಇಷ್ಟೇ, ಕಥೆಗೆ ಯಾರೂ ಬರುವುದಿಲ್ಲ. ಪ್ಯಾರಿಸ್ಸಿನವರಿಗೆ ಇದರ ಹೆಸರೂ ಗೊತ್ತಿಲ್ಲ. ಅದು ಅವರ ಹಣೆಬರಹ. ನಾಲ್ಕು ವರ್ಷಕ್ಕೊಮ್ಮೆ ಊರಿನ ರಂಗಮಂದಿರದಲ್ಲಿ ನಾವು ನಾವೇ ಆಡುತ್ತೇವೆ. ಮಾಂಸದಂಗಡಿಯವನು ಕ್ಯಾನ್ವಾಸಿಗೆ ಉಜ್ಜಿ ಗಾಳಿಯ ಸದ್ದು ಮಾಡುವ ಬಿರುಗಾಳಿಯ ಯಂತ್ರ ತಿರುಗಿಸುತ್ತಾನೆ, ಶಾಲೆಯ ಟೀಚರಮ್ಮ ಪಿಯಾನೋಗಿಂತ ಹಳೆಯ ವಾದ್ಯ ಹಾರ್ಪ್ಸಿಕಾರ್ಡಿಗೆ ಕೂರುತ್ತಾರೆ. ನಾನು ಬೆರ್ತಿಲ್, ಹಗಲೆಲ್ಲ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತಿ ಸಂಜೆ ಚೆಲ್ಲೋ, ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ದಪ್ಪ ದನಿಯ ದೊಡ್ಡ ಪಿಟೀಲು, ಹಿಡಿಯುತ್ತಿದ್ದವಳು. ಏಗ್ಲೆ ಮಾತ್ರ ಇಪ್ಪತ್ತೆರಡನೇ ವಯಸ್ಸಿನಿಂದ ಸಿದೋನಿಯೇ. ಐವತ್ತು ದಾಟಿದ ಮೇಲೂ ಅವಳೇ. ಕುರಿಕಾಯುವ ಹುಡುಗಿಗೆ ಇಷ್ಟು ದೊಡ್ಡ ಸೊಂಟವೇ ಎಂದು ಯಾರಾದರೂ ನಕ್ಕರೆ, ಅವಳು ಬಾಯಿ ತೆರೆಯುವ ತನಕ ಮಾತ್ರ ಆ ನಗು.

ಬಾಯಿ ತೆರೆಯುತ್ತಿದ್ದದ್ದು ಬಿರುಗಾಳಿ ನಿಂತ ಮೇಲೆ. ಆ ಕಾಲದ ಪದ್ಧತಿಯೇ ಹಾಗೆ: ಒಂದು ಮಟ್ಟನ್ನು ಮೊದಲ ಸುತ್ತು ವಾದ್ಯಗಳು ನುಡಿಸುತ್ತವೆ, ಎರಡನೇ ಸುತ್ತು ಅದೇ ಮಟ್ಟನ್ನು ಹಾಡುವವರು ಎತ್ತಿಕೊಳ್ಳುತ್ತಾರೆ. ಮೊದಲ ಸುತ್ತಿನ ಮುಂದಾಳು ಓಬೋ, ಜೊಂಡಿನ ಪೀಪಿ ಕಚ್ಚಿ ಊದುವ ವಾದ್ಯ. ಅದನ್ನು ಊದುತ್ತಿದ್ದವನು ಸಿದೋನಿಯ ಅಣ್ಣ ಅನ್ಸೆಲ್ಮ್. ಪೇಟೆಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ, ಅದರ ಮೇಲಿನ ಕೋಣೆಯಲ್ಲೇ ಒಬ್ಬನೇ ಇರುತ್ತಿದ್ದ. ತಂಗಿಗೆ ಏಗ್ಲೆಯ ಪಾತ್ರ ಸಿಕ್ಕಿದಾಗ, ಅವಳಿಗಿಂತ ಮೊದಲಿನ ಸುತ್ತು ಬೇರೆ ಯಾರೋ ಊದುವುದು ಬೇಡವೆಂದು ಹಟ ಹಿಡಿದು ಓಬೋ ಕಲಿತವನು ಅವನು. ಅವನು ಸ್ವರವನ್ನು ಬಳುಕಿಸಿ ಒಂದು ಕೊಂಕು ಹಾಕಿ ನುಡಿಸಿದರೆ ಅವಳು ಎರಡು ಕೊಂಕು ಹಾಕಿ ಹಾಡುತ್ತಿದ್ದಳು. ಊರಿನವರು ಬರುತ್ತಿದ್ದದ್ದು ಅದಕ್ಕೆ. ಅವಳು ಹಾಡುವಾಗ ಕೆಳಗಿನ ಸ್ವರ ಹಿಡಿದು ನಡೆಯುತ್ತಿದ್ದವರು ನಾನೂ ಹಾರ್ಪ್ಸಿಕಾರ್ಡಿನ ಟೀಚರಮ್ಮನೂ, ಇಬ್ಬರೇ.

ಎಂಬತ್ತೆಂಟನೇ ಇಸವಿಯಲ್ಲಿ ರಂಗಮಂದಿರದ ತೊಲೆಗಳಿಗೆ ಹುಳು ಹಿಡಿದಿದೆಯೆಂದು ಗೊತ್ತಾಗಿ ಬೀಗ ಬಿತ್ತು. ಉಳಿದದ್ದು ಚರ್ಚು. ನಮ್ಮ ಫಾದರ್ ಪ್ರೋಸ್ಪೆರ್ ಒಳ್ಳೆಯ ಮನುಷ್ಯ, ವೈನು ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ, ಸೋತರೆ ಸಿಟ್ಟಾಗುತ್ತಾರೆ. ಆದರೆ ದೇವರ ಮನೆಯಲ್ಲಿ ‘ಬಾ ನಲ್ಲ, ಹುಲ್ಲಿನ ಮೇಲೆ ಒರಗು’ ಎಂದು ಹಾಡಲು ಬಿಡುವುದಿಲ್ಲ ಎಂದುಬಿಟ್ಟರು. ವಾದ್ಯ ಎಷ್ಟು ಬೇಕಾದರೂ ನುಡಿಸಿ, ಮಾತು ಬೇಡ. ಲಿಯೋನಿನಿಂದ ಹೊಸದಾಗಿ ಬಂದಿದ್ದ ನಮ್ಮ ವಾದ್ಯವೃಂದದ ಮೇಷ್ಟ್ರು ಕೊಲೊಂಬಾ ಅವರಿಗೆ ಅದೇ ಸಾಕಾಯಿತು. ಒಪೇರಾದಿಂದ ಆರಂಭದ ವಾದನ, ಕುರುಬರ ಕುಣಿತಗಳು, ಬಿರುಗಾಳಿ, ನಾಲ್ಕಾರು ಹಾಡಿನ ಮಟ್ಟು ಎಲ್ಲ ಆರಿಸಿ ಒಂದು ವಾದ್ಯಮಾಲೆ ಹೆಣೆದರು. ಹಾಡುವವರ ಅಗತ್ಯವೇ ಇಲ್ಲ. ಒಪೇರಾದ ಕೆನೆ ತೆಗೆದು ಕೊಡುತ್ತಿದ್ದೇನೆ ಎಂದರು ಸಭೆಯಲ್ಲಿ. ಹಾಲು ಎಲ್ಲಿಗೆ ಹೋಗಬೇಕು ಎಂದು ಸಿದೋನಿ ಎದ್ದು ಕೇಳಿದಳು.

ಅವತ್ತು ಅವಳು ಮಾಡಿದ ರಂಪ ನೆನೆಸಿಕೊಂಡರೆ ಈಗಲೂ ನನಗೆ ಬೆವರುತ್ತದೆ. ಏಗ್ಲೆಯ ಎರಡನೇ ಸುತ್ತನ್ನು ಓಬೋಗೆ ಕೊಟ್ಟಿದ್ದಾರೆಂದು ಗೊತ್ತಾಗಿತ್ತು. ಬಾಯಿಗೆ ಬಟ್ಟೆ ತುರುಕಿಸಿಕೊಂಡ ಕುರುಬರನ್ನು ಯಾವ ದೇವರು ನೋಡುತ್ತಾನೆ, ನನ್ನ ಅಣ್ಣನ ಕೈಯಿಂದಲೇ ನನ್ನ ಕತ್ತು ಹಿಸುಕಿಸುತ್ತೀರಾ ಎಂದು ಮೇಷ್ಟ್ರಿಗೂ ಫಾದರ್‌ಗೂ ಒಟ್ಟಿಗೇ ಮಂಗಳಾರತಿ ಎತ್ತಿದಳು. ಕೊನೆಗೆ ಕೋಟು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು.

“ನಾನು ಎರಡನೇ ಸಾಲಲ್ಲೇ ಬಂದು ಕೂರ್ತೀನಿ. ಆ ಹಾಡು ಬರ್ಲಿ, ಆಮೇಲೆ ನೋಡಿ.”

ಊರಿಗೆ ಊರೇ ಅದನ್ನು ಅಗಿಯತೊಡಗಿತು. ಎದ್ದು ಹಾಡಿಯೇ ಹಾಡುತ್ತಾಳೆ ಎಂದು ಬೇಕರಿಯಲ್ಲಿ ಒಬ್ಬರು, ಚರ್ಚಿನೊಳಗೆ ಅಷ್ಟು ಧೈರ್ಯ ಮಾಡಲಾರಳು ಎಂದು ಇನ್ನೊಬ್ಬರು. ಅವಳೇನಾದರೂ ಬಾಯಿ ಬಿಟ್ಟರೆ ಅಲ್ಲೇ ನಿಲ್ಲಿಸಿ ಹೊರಟುಹೋಗುತ್ತೇನೆ ಎಂದರು ಮೇಷ್ಟ್ರು. ಫಾದರ್ ಅಂಚೆ ಕಚೇರಿಗೇ ಬಂದು, ಬೆರ್ತಿಲ್, ನೀನು ಅವಳ ಗೆಳತಿ, ಸ್ವಲ್ಪ ಬುದ್ಧಿ ಹೇಳಮ್ಮ ಎಂದರು. ಅನ್ಸೆಲ್ಮ್ ಮಾತ್ರ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಅಭ್ಯಾಸದಲ್ಲಿ ಆ ಎರಡನೇ ಸುತ್ತನ್ನು ತಂಗಿಯ ತಟ್ಟೆಯಿಂದ ಕದ್ದು ತಿನ್ನುವವನ ಹಾಗೆ ತಲೆ ತಗ್ಗಿಸಿಕೊಂಡು ಊದುತ್ತಿದ್ದ.

ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ ನಾನು ಗೇಟಿನ ಮನೆಗೆ ಹೋದೆ. ಸಿದೋನಿ ಅಡುಗೆಮನೆಯಲ್ಲಿ ಕಾಲುವೆಯ ಮೀನು ಉಜ್ಜುತ್ತ ಕೂತಿದ್ದಳು. ನಾನು ನಿಂತೇ ಶುರುಮಾಡಿದೆ. ನಿನಗೆ ನ್ಯಾಯ ಸಿಗಬೇಕು ನಿಜ, ಆದರೆ ಅಲ್ಲಿ ಎದ್ದು ಹಾಡಿದರೆ ಅನ್ಸೆಲ್ಮನ ಮಾನ ಹೋಗುತ್ತದೆ, ಫಾದರ್ ಆಮೇಲೆ ನಮಗೆ ಬಾಗಿಲನ್ನೇ ತೆಗೆಯುವುದಿಲ್ಲ ಎಂದೆಲ್ಲ ಒದರಿದೆ. ಅವಳು ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು, ಕೈ ತೊಳೆದುಕೊಂಡಳು. ಆಮೇಲೆ ಬಾಗಿಲು ಹಾಕಿ ಬಂದಳು.

“ನಾನು ಏಳೋದೂ ಇಲ್ಲ, ಹಾಡೋದೂ ಇಲ್ಲ ಕಣೇ,” ಎಂದಳು. “ಹಾಡೋಕೆ ದನಿ ಬೇಕಲ್ಲ.”

ನನಗೆ ಅರ್ಥವಾಗಲಿಲ್ಲ. ಕೂತುಕೋ ಎಂದಳು. ನನ್ನ ಎದುರಿಗೇ ನಿಂತು, ಎದೆ ತುಂಬ ಉಸಿರೆಳೆದು, ಏಗ್ಲೆಯ ಹಾಡು ಎತ್ತಿದಳು. ಕೆಳಗಿನ ನಾಲ್ಕು ಸ್ವರ ಬಂದವು, ಮರಳು ಸೇರಿಕೊಂಡಂತೆ ಒರಟಾಗಿ. ಐದನೆಯದಕ್ಕೆ ಬಾಯಿ ತೆರೆದೇ ಇತ್ತು, ಕತ್ತಿನ ನರ ಉಬ್ಬಿತ್ತು, ಹೊರಗೆ ಬಂದದ್ದು ಬರೀ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದಳು. ಸಾಕು ಎಂದು ನಾನೇ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಕಳೆದ ಚಳಿಗಾಲದಲ್ಲೇ ಹೋಯಿತಂತೆ. ಬಟ್ಟೆ ತರುತ್ತೇನೆಂದು ಹೇಳಿ ಒಬ್ಬಳೇ ರೈಲು ಹತ್ತಿ ಓಸೇರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಗಂಟಲ ಒಳಗೆ ಗಂಟಾಗಿದೆ, ಜೀವಕ್ಕೇನೂ ಭಯವಿಲ್ಲ, ಮಾತಾಡಬಹುದು, ಹಾಡಿನ ಆಸೆ ಬಿಟ್ಟುಬಿಡಿ ಎಂದಿದ್ದರಂತೆ. ಮಾತಿನ ಒರಟನ್ನು ಊರವರು ಅವಳ ಕೂಗಾಟದ ಲೆಕ್ಕಕ್ಕೆ ಹಾಕಿಕೊಂಡಿದ್ದರು, ನಾನೂ ಹಾಕಿಕೊಂಡಿದ್ದೆ.

ಹಾಗಾದರೆ ಆ ರಂಪವೆಲ್ಲ ಯಾಕೆ ಎಂದು ಕೇಳಿದೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

“ನಾನು ಸುಮ್ಮನಿದ್ರೆ ಊರು ಕೇಳಲ್ವಾ, ಸಿದೋನಿ ಯಾಕೆ ಸುಮ್ಮನಿದ್ದಾಳೆ ಅಂತ,” ಎಂದಳು. “ರಂಗಮಂದಿರಕ್ಕೆ ಬೀಗ ಬಿದ್ದ ದಿನ ನಾನು ಮೇರಿಯಮ್ಮನಿಗೆ ಮೇಣದಬತ್ತಿ ಹಚ್ಚಿ ಬಂದೆ ಕಣೇ. ದನಿ ಇಲ್ಲದೆ ನಿಂತಳು ಅನ್ನಿಸಿಕೊಳ್ಳೋದಕ್ಕಿಂತ, ಹಾಡೋಕೆ ಬಿಡಲಿಲ್ಲ ಅನ್ನಿಸಿಕೊಳ್ಳೋದು ವಾಸಿ. ಅವತ್ತು ಎರಡನೇ ಸಾಲಲ್ಲಿ ಮುಖ ಬಿಗಿದುಕೊಂಡು ಕೂತಿರ್ತೀನಿ. ಎಲ್ಲರೂ, ಪಾಪ, ಹೇಗೆ ತಡ್ಕೊಂಡಳು ನೋಡು ಅಂತಾರೆ. ಅಷ್ಟು ಸಾಕು ನನಗೆ.”

ಅನ್ಸೆಲ್ಮನಿಗಾದರೂ ಹೇಳು ಎಂದೆ. ಅವಳ ಮುಖದ ಬಣ್ಣವೇ ಹೋಯಿತು. ಅವನಿಗೆ ಗೊತ್ತಾದರೆ ಅವನು ಮತ್ತೆ ಓಬೋ ಮುಟ್ಟುವುದಿಲ್ಲ, ಅವನಿಗೆ ಬೇರೆ ಏನಿದೆ, ಪಂಕ್ಚರ್ ಹಾಕುವುದೊಂದೇ ಎಂದಳು. ನನ್ನ ಅಮ್ಮನ ಹೆಸರಿನಲ್ಲಿ ನನ್ನಿಂದ ಆಣೆ ಹಾಕಿಸಿಕೊಂಡಳು, ಯಾರಿಗೂ ಹೇಳುವುದಿಲ್ಲ, ಅನ್ಸೆಲ್ಮನಿಗಂತೂ ಸತ್ತರೂ ಹೇಳುವುದಿಲ್ಲ ಎಂದು. ಆಮೇಲೆ ಆ ಮೀನು ಹುರಿದು ಇಬ್ಬರೂ ತಿಂದೆವು. ಅವಳು ಚೆನ್ನಾಗಿಯೇ ತಿಂದಳು.

ಭಾನುವಾರ ಮಧ್ಯಾಹ್ನ ಚರ್ಚು ತುಂಬಿಹೋಯಿತು. ಸಂಗೀತ ಕೇಳಲು ಬಂದವರು ಎಷ್ಟೋ, ಜಗಳ ನೋಡಲು ಬಂದವರು ಅದಕ್ಕಿಂತ ಹೆಚ್ಚು. ಸಿದೋನಿ ಕಡುನೀಲಿ ಕೋಟು ಹಾಕಿಕೊಂಡು, ಎಲ್ಲರೂ ನೋಡಲಿ ಎಂದೇ ನಡುದಾರಿಯಲ್ಲಿ ನಿಧಾನವಾಗಿ ನಡೆದು ಬಂದು ಎರಡನೇ ಸಾಲಿನ ಅಂಚಿಗೆ ಕೂತಳು. ನಾನು ಅವಳತ್ತ ನೋಡಿದೆ. ಹುಬ್ಬು ಗಂಟಿಕ್ಕಿಕೊಂಡು ಎಷ್ಟು ಚೆನ್ನಾಗಿ ನಟಿಸುತ್ತಿದ್ದಳೆಂದರೆ, ಕಳ್ಳಿ, ನನಗೇ ನಂಬಿಕೆ ಬರುವ ಹಾಗಿತ್ತು. ಇನ್ನೊಂದು ಗಂಟೆ, ಇವಳು ಗೆದ್ದಳು ಎಂದುಕೊಂಡೆ.

ಶ್ರುತಿ ಸೇರಿಸಿ ಆಯಿತು. ಮೇಷ್ಟ್ರು ಬರುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಹಿಂದೆಯೇ ಕೂತಿದ್ದ ಅನ್ಸೆಲ್ಮ್ ಬಗ್ಗಿ ನನ್ನ ಕಿವಿಯ ಹತ್ತಿರ ಬಾಯಿ ತಂದ.

“ಬೆರ್ತಿಲ್, ಎರಡನೇ ಸುತ್ತು ನಾನು ಊದಲ್ಲ. ಅವಳಿಗೆ ಬಿಡ್ತೀನಿ. ಅವಳು ಏಳ್ತಾಳೆ. ನೀನು ಮಾತ್ರ ಏನಾದ್ರೂ ಆಗ್ಲಿ ಕೆಳಗಿನ ಸ್ವರ ನಿಲ್ಲಿಸಬೇಡ.”

ನಾನು ತಿರುಗುವಷ್ಟರಲ್ಲಿ ಮೇಷ್ಟ್ರ ಕೈ ಮೇಲೆದ್ದಿತ್ತು. ಆರಂಭದ ವಾದನ ಶುರುವಾಯಿತು. ನನ್ನ ಬಿಲ್ಲು ತಂತಿಯ ಮೇಲೆ ತನ್ನಷ್ಟಕ್ಕೆ ಓಡುತ್ತಿತ್ತು. ಈ ಅಣ್ಣ ಎಂಬ ಪ್ರಾಣಿ ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು ಇವತ್ತೇ ವೀರನಾಗಬೇಕೇ. ಅವನು ಓಬೋ ಇಳಿಸಿದರೆ ಚರ್ಚು ನಿಶ್ಶಬ್ದವಾಗುತ್ತದೆ, ಕೆಳಗೆ ನಾವಿಬ್ಬರು ನಡೆಯುತ್ತಿರುತ್ತೇವೆ, ಊರೆಲ್ಲ ಎರಡನೇ ಸಾಲಿನತ್ತ ತಿರುಗುತ್ತದೆ. ಜಾಗ ಬಿಟ್ಟುಕೊಟ್ಟ ಮೇಲೆ ಅವಳಿಗೆ ಇನ್ನು ಯಾವ ನೆಪವೂ ಉಳಿಯುವುದಿಲ್ಲ.

ಆರಂಭ ಮುಗಿದು ಮೇಷ್ಟ್ರು ಹಾಳೆ ತಿರುವುವ ಹೊತ್ತಿಗೆ ನಾನು ಹಿಂದಕ್ಕೆ ವಾಲಿದೆ. ಬೇಡ ಅನ್ಸೆಲ್ಮ್, ನಿನ್ನ ಕಾಲಿಗೆ ಬೀಳ್ತೀನಿ, ಬರೆದ ಹಾಗೆ ನುಡಿಸು ಎಂದೆ. ನಾನು ಫಾದರ್‌ಗೆ ಹೆದರಿದ್ದೇನೆಂದು ತಿಳಿದುಕೊಂಡ. ಫಾದರ್ ಬೇಕಾದರೆ ನನ್ನನ್ನು ಹೂಳುವಾಗ ಸೇಡು ತೀರಿಸಿಕೊಳ್ಳಲಿ ಎಂದು ನಕ್ಕ. ಅವನ ಮುಖ ಮದುವೆಗೆ ಹೊರಟವನ ಮುಖದಂತೆ ಬೆಳಗುತ್ತಿತ್ತು. ಕಾರಣ ಹೇಳಬೇಕಾದರೆ ಆಣೆ ಮುರಿಯಬೇಕು. ಮುರಿದೇ ಬಿಡೋಣವೆಂದು ಬಾಯಿ ತೆರೆದೆ. ಕುರುಬರ ನಡಿಗೆ ಶುರುವಾಗಿಬಿಟ್ಟಿತು.

ಅದಾದ ಮೇಲೆ ಸಮಯವೇ ಸಿಗಲಿಲ್ಲ. ಮೇಷ್ಟ್ರು ಒಂದು ಕುಣಿತಕ್ಕೆ ಇನ್ನೊಂದನ್ನು ಉಸಿರು ಬಿಡದೆ ಪೋಣಿಸಿದ್ದರು. ತಿದಿವಾದ್ಯದ ಕುಣಿತ ಬಂತು, ಜನ ತಲೆ ತೂಗಿದರು. ನಾನು ಸಿದೋನಿಯ ಕಣ್ಣು ಹಿಡಿಯಲು ನೋಡಿದೆ. ಎದ್ದು ಹೊರಗೆ ಹೋಗು ಎಂದು ಹುಬ್ಬಿನಲ್ಲಿ, ಗಲ್ಲದಲ್ಲಿ ಸನ್ನೆ ಮಾಡಿದೆ. ಅವಳು ನಾನು ಅವಳ ನಟನೆ ಮೆಚ್ಚಿಕೊಂಡೆನೆಂದು ತಿಳಿದು ತುಟಿಯ ಕೊನೆಯಲ್ಲಿ ನಕ್ಕಳು. ಚೆಲ್ಲೋದ ಕೀಲು ತಿರುಗಿಸಿ ತಂತಿ ಸಡಿಲಮಾಡಿಬಿಡಲೇ ಎಂದು ಯೋಚಿಸಿದೆ. ಆದರೆ ಮೇಷ್ಟ್ರು ನಿಲ್ಲಿಸಿ, ತಂತಿ ಸರಿಮಾಡಿಸಿ, ಮತ್ತೆ ಅಲ್ಲಿಂದಲೇ ಶುರುಮಾಡುತ್ತಾರೆ, ಅಷ್ಟೇ. ಮಾಂಸದಂಗಡಿಯವನು ತೋಳು ಮಡಚಿ ಬಿರುಗಾಳಿಯ ಯಂತ್ರ ತಿರುಗಿಸತೊಡಗಿದ. ಕ್ಯಾನ್ವಾಸು ಊಳಿಟ್ಟಿತು, ಪಿಟೀಲುಗಳು ಮೇಲೆ ಕೆಳಗೆ ಓಡಿದವು. ದೇವರೇ, ಈ ಗಾಳಿ ನಿಲ್ಲದಿರಲಿ ಎಂದು ಬೇಡಿಕೊಂಡೆ.

ನಿಂತಿತು. ಏಗ್ಲೆಯ ಹಾಡಿನ ಮೊದಲ ಸುತ್ತು. ಅನ್ಸೆಲ್ಮ್ ತನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಊದಿರಲಿಲ್ಲ. ಕೊನೆಯ ಸ್ವರದಲ್ಲಿ ಒಂದು ಸಣ್ಣ ಕೊಂಕು ಹಾಕಿದ, ಹಿಂದೆಲ್ಲ ತಂಗಿಯನ್ನು ಕೆಣಕಲು ಹಾಕುತ್ತಿದ್ದ ಕೊಂಕು. ಆಮೇಲೆ ಬಟ್ಟೆ ಸರಿದ ಸದ್ದಾಯಿತು. ನಾನು ತಿರುಗಿ ನೋಡಬೇಕಾಗಿರಲಿಲ್ಲ. ಓಬೋ ಅವನ ಮಡಿಲಿಗೆ ಇಳಿದಿತ್ತು.

ನಾನೂ ಟೀಚರಮ್ಮನೂ ಕೆಳಗಿನ ಸ್ವರ ಹಿಡಿದು ಹೊರಟೆವು. ಮೇಲೆ ಏನೂ ಇಲ್ಲ. ಮೇಷ್ಟ್ರ ಬೆನ್ನು ಸೆಟೆದುಕೊಂಡಿತು. ಜನಕ್ಕೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು, ಆಮೇಲೆ ಎಲ್ಲರ ಕತ್ತುಗಳೂ ಎರಡನೇ ಸಾಲಿನತ್ತ ತಿರುಗಿದವು. ಸಿದೋನಿಯ ಮುಖದ ಮೇಲಿನ ಸಿಟ್ಟು ಉದುರಿಹೋಗಿತ್ತು. ಅಣ್ಣನನ್ನೇ ನೋಡುತ್ತಿದ್ದಳು. ನೀರಿಗೆ ಬಿದ್ದವರ ಕಣ್ಣು ಹಾಗಿರುತ್ತದೆ. ಮುಂದಿನ ಬೆಂಚಿನ ಹಲಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಆಮೇಲೆ, ಅಯ್ಯೋ, ಏಳತೊಡಗಿದಳು. ಕೂತು ಸಾಯುವುದಕ್ಕಿಂತ ನಿಂತು ಸಾಯುವ ಹೆಣ್ಣು ಅದು. ಮೊಣಕಾಲು ನೆಟ್ಟಗಾಯಿತು, ಎದೆ ಉಬ್ಬಿತು, ಬಾಯಿ ತೆರೆಯಿತು. ಅದರೊಳಗಿಂದ ಏನು ಬರುತ್ತದೆಂದು ಆ ಚರ್ಚಿನಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ನಾನು ಕೆಳಗಿನ ಸ್ವರ ಬಿಟ್ಟೆ. ಕೈ ಸರ್ರೆಂದು ತಂತಿಯ ತುದಿಗೆ ಜಾರಿಸಿ, ಹೆಬ್ಬೆರಳು ಒತ್ತಿ, ಏಗ್ಲೆಯ ಹಾಡನ್ನು ಚೆಲ್ಲೋದಲ್ಲಿ ಎತ್ತಿಕೊಂಡೆ. ಎರಡನೇ ಸ್ವರ ಕೀರಿತು. ಆ ಎತ್ತರದಲ್ಲಿ ನಾನು ಯಾವತ್ತೂ ನುಡಿಸಿದವಳಲ್ಲ, ಕೆಳಗೆ ಕೂತು ದಾರಿ ಕಾಯುವುದೇ ನನ್ನ ಕೆಲಸ. ಟೀಚರಮ್ಮ ಪುಣ್ಯಾತ್ಗಿತ್ತಿ, ಒಂದು ಕ್ಷಣ ತಡವರಿಸಿ ಕೆಳಗಿನದನ್ನು ತಾವೊಬ್ಬರೇ ಹೊತ್ತುಕೊಂಡರು. ಸಿದೋನಿ ಬಾಯಿ ತೆರೆದವಳು ಹಾಗೇ ನಿಂತಿದ್ದಳು. ನಾನು ಅವಳ ಕಣ್ಣಲ್ಲಿ ಕಣ್ಣಿಟ್ಟು, ಕೂತುಕೋ, ಕೂತುಕೋ ಮಾರಾಯ್ತಿ ಎಂದು ಬಿಲ್ಲಿನಲ್ಲೇ ಬೇಡಿಕೊಂಡೆ. ಹಾಡಿನ ಮೂರನೆಯ ಸಾಲು ಬರುವಾಗ ಅವಳು ಮೆಲ್ಲಗೆ ಕೂತಳು. ಹಿಂದಿನಿಂದ ಅನ್ಸೆಲ್ಮ್ ನನ್ನ ಕುರ್ಚಿಯ ಕಾಲಿಗೆ ಒದ್ದ. ಮತ್ತೊಮ್ಮೆ ಒದ್ದ. ನಾನು ನಿಲ್ಲಿಸಲಿಲ್ಲ. ಹಾಡು ಮುಗಿಯುವ ತನಕ ನುಡಿಸಿದೆ.

ಮಾಲೆ ಮುಗಿದ ಮೇಲೆ ಚಪ್ಪಾಳೆ ಬಂತು, ಆದರೆ ಜನ ಒಬ್ಬರ ಕಿವಿಯಲ್ಲಿ ಒಬ್ಬರು ಬಾಯಿಟ್ಟು ಮಾತಾಡುತ್ತಲೇ ತಟ್ಟಿದರು. ಚರ್ಚಿನ ಪಕ್ಕದ ಹಜಾರದಲ್ಲಿ ಬಿಳಿ ವೈನೂ ಚೀಸಿನ ಉಬ್ಬುರೊಟ್ಟಿಯೂ ಇಟ್ಟಿದ್ದರು. ನಾನು ಒಳಗೆ ಕಾಲಿಟ್ಟಾಗ ಅನ್ಸೆಲ್ಮ್ ನೇರವಾಗಿ ಬಂದು ನನ್ನ ಮುಂದೆ ನಿಂತ.

“ಕಳ್ಳಿ,” ಎಂದ. “ಮೂವತ್ತು ವರ್ಷ ಅವಳ ಕಾಲ ಕೆಳಗೆ ಕೂತು ಹೊಟ್ಟೆ ಉರ್ಕೊಂಡಿದ್ದೆ, ಅಲ್ವಾ? ನಾನು ಅವಳಿಗೆ ಅಂತ ಬಿಟ್ಟ ಜಾಗಕ್ಕೆ ಬಾಯಿ ಹಾಕಿದ್ಯಲ್ಲೇ. ಅವಳು ಎದ್ದು ನಿಂತಿದ್ದಳು. ನೋಡಿದೆ ತಾನೆ ನೀನು? ನೋಡಿಯೂ ನುಡಿಸಿದೆ.”

ನೋಡಿದೆ ಎಂದೆ. ಎಲ್ಲರೂ ಸಿದೋನಿಯತ್ತ ತಿರುಗಿದರು. ಅವಳು ಮೇಜಿನ ಹತ್ತಿರ ಗ್ಲಾಸು ಹಿಡಿದುಕೊಂಡು ನಿಂತಿದ್ದಳು. ನಾನೂ ನೋಡಿದೆ. ನಿಜ ಹೇಳು ಎಂದು ನಾನು ಕೇಳುತ್ತಿರಲಿಲ್ಲ, ದೇವರಾಣೆ. ಸುಮ್ಮನೆ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರೂ ಸಾಕಿತ್ತು. ಅವಳು ಒಂದು ಗುಟುಕು ಕುಡಿದಳು.

“ಹೋಗ್ಲಿ ಬಿಡು ಅನ್ಸೆಲ್ಮ್,” ಎಂದಳು. “ಅವಳಿಗೂ ಒಂದು ಸಲ ಆಸೆ ಆಗುತ್ತಲ್ಲ, ಪಾಪ.”

ಆಹಾ, ಎಂಥ ಮಾತು ಎಂದು ಯಾರೋ ಹಿಂದಿನಿಂದ ಅಂದರು. ನನ್ನ ಮೈಯೆಲ್ಲ ಹತ್ತಿ ಉರಿಯಿತು. ಅಲ್ಲೇ ಎಲ್ಲರ ಮುಂದೆ ಅವಳ ಕೋಟು ಹಿಡಿದು, ಹಾಡೇ ಹಾಗಾದ್ರೆ, ಈಗ ಹಾಡು ಎನ್ನಬೇಕೆನ್ನಿಸಿತು. ನಾಲಗೆಯ ತುದಿಯ ತನಕ ಬಂತು. ಅವಳು ಒಂದು ಕೈಯಿಂದ ಕೋಟಿನ ಕಾಲರನ್ನು ಗಂಟಲಿಗೆ ಒತ್ತಿ ಹಿಡಿದುಕೊಂಡಿದ್ದು ಕಾಣಿಸಿತು. ಚೆಲ್ಲೋ ಎತ್ತಿಕೊಂಡು ಮನೆಗೆ ಬಂದೆ.

ಮರುದಿನದಿಂದ ನನ್ನ ಪಾಡು ನಾಯಿಪಾಡಾಯಿತು. ಬೇಕರಿಯವಳು ರೊಟ್ಟಿಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲೆ 'ಟಪ್' ಎಂದು ಇಡುತ್ತಿದ್ದಳು. ಅಂಚೆ ಕಚೇರಿಯಲ್ಲಿ ಜನ ಪಕ್ಕದ ಕಿಟಕಿಯ ಸಾಲಿನಲ್ಲಿ ನಿಂತು ಕಾಯುತ್ತಿದ್ದರು. ಮೇಷ್ಟ್ರು ಬಂದು, ಕಾರ್ಯಕ್ರಮ ಉಳಿಸಿದಿರಿ, ನನಗೆ ಗೊತ್ತು, ಆದರೂ ಸ್ವಲ್ಪ ದಿನ ನೀವು ಬಾರದಿದ್ದರೆ ಒಳ್ಳೆಯದು ಎಂದು ತಲೆ ತುರಿಸಿಕೊಂಡರು. ಸಿದೋನಿ ಇನ್ನು ಹಾಡುವುದಿಲ್ಲವೆಂದು ಊರೇ ತೀರ್ಮಾನಿಸಿತು. ಬೆರ್ತಿಲ್ ಮಾಡಿದ ಕೆಲಸಕ್ಕೆ ಮನಸ್ಸು ಮುರಿದು ಬಾಯಿಗೆ ಬೀಗ ಹಾಕಿಕೊಂಡಳಂತೆ. ಅವಳಿಗೆ ಇದಕ್ಕಿಂತ ಒಳ್ಳೆಯ ನೆಪ ಯಾವ ಮೇರಿಯಮ್ಮನೂ ಕೊಡುತ್ತಿರಲಿಲ್ಲ.

ಆ ವಾರದ ಕೊನೆಗೆ ಅವಳು ನನ್ನ ಹಿತ್ತಿಲ ಬಾಗಿಲಿಗೆ ಬಂದಳು. ನಾನು ತೆಗೆದು, ಬಾಯಿಗೆ ಬಂದ ಹಾಗೆ ಬೈದೆ. ಸೊಕ್ಕಿನವಳೇ, ನಿನ್ನ ಮಾನ ಉಳಿಸಿದ್ದಕ್ಕೆ ನನ್ನ ಮಾನ ಮಾರಿದೆಯಲ್ಲೇ ಎಂದೆ. ನಿಂತು ಕೇಳಿಸಿಕೊಂಡಳು. ಆ ಮಾತು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ ಎಂದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಹೇಳಿಬಿಡು,” ಎಂದಳು. “ಆಣೆ ಗೀಣೆ ಎಲ್ಲ ಬಿಟ್ಟುಬಿಡು. ಅನ್ಸೆಲ್ಮನಿಗೆ ಹೇಳು, ಅವನು ಊರಿಗೆಲ್ಲ ಹೇಳ್ತಾನೆ. ನನ್ನ ಕೈಲಿ ಆಗಲ್ಲ ಬೆರ್ತಿಲ್. ನೀನೇ ಹೇಳು.”

ನಾನು ಅವಳನ್ನು ಅಲ್ಲೇ ಬಿಟ್ಟು ಶಾಲು ಹೊದ್ದು ಹೊರಟೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಅವನು ತಪ್ಪಾಯಿತು ಎಂದು ಕೈ ಮುಗಿಯುವುದನ್ನೂ, ಬೇಕರಿಯವಳು ರೊಟ್ಟಿಯನ್ನು ಕೈಗೆ ಕೊಡುವುದನ್ನೂ ಕಣ್ಣಲ್ಲೇ ಕಂಡುಬಿಟ್ಟೆ. ಸೈಕಲ್ ಅಂಗಡಿಯಲ್ಲಿ ಅನ್ಸೆಲ್ಮ್ ಕಿಟಕಿಯ ಬೆಳಕಿಗೆ ಕೂತು ಓಬೋದ ಪೀಪಿಗೆ ಜೊಂಡು ಕೆತ್ತುತ್ತಿದ್ದ. ಅವನ ಮುಂದೆ ಹೊಸ ಪೀಪಿಗಳ ಒಂದು ಸಾಲೇ ಇತ್ತು. ನನ್ನನ್ನು ನೋಡಿ ಚಾಕು ಕೆಳಗಿಟ್ಟ.

“ಕ್ಷಮಿಸು ಅನ್ನೋಕೆ ಬಂದಿದ್ರೆ ಅವಳ ಹತ್ರ ಹೋಗು,” ಎಂದ. “ಅವಳ ಸಿಟ್ಟು ಇವತ್ತಲ್ಲ ನಾಳೆ ಇಳಿಯುತ್ತೆ. ರಂಗಮಂದಿರ ರಿಪೇರಿ ಆಗುತ್ತೆ. ಅವಳು ಮತ್ತೆ ನಿಲ್ತಾಳೆ. ಅಷ್ಟರೊಳಗೆ ನನ್ನ ಉಸಿರು ಕಮ್ಮಿ ಆಗಬಾರದು ಅಂತ ದಿನಾ ಊದ್ತಾ ಇದ್ದೀನಿ. ನಿನ್ನಂಥವರು ಸಾವಿರ ಜನ ಬರ್ಲಿ, ಅವಳ ದನಿ ಎಲ್ಲೂ ಹೋಗಲ್ಲ.”

ಜೋಡಿಸಿಕೊಂಡು ಬಂದ ಮಾತುಗಳು ನನ್ನ ಬಾಯೊಳಗೇ ಇದ್ದವು. ಒಂದೇ ಒಂದನ್ನು ಉಗುಳಿದ್ದರೂ ಸಾಕಾಗಿತ್ತು. ಅವನ ಬೆರಳುಗಳನ್ನು ನೋಡಿದೆ, ಉಗುರಿನೊಳಗೆ ಸೈಕಲ್ಲಿನ ಗ್ರೀಸು, ತುದಿಯಲ್ಲಿ ಜೊಂಡಿನ ಪುಡಿ. ಸೈಕಲ್ಲಿನ ಹಿಂದಿನ ಚಕ್ರ ಶಬ್ದ ಮಾಡ್ತಿದೆ, ನಾಳೆ ತರ್ತೀನಿ ಎಂದು ಏನೋ ಗೊಣಗಿದೆ. ಬೇರೆ ಅಂಗಡಿ ನೋಡಿಕೋ ಎಂದ. ಮನೆಗೆ ಬಂದು, ಇನ್ನೂ ಮೆಟ್ಟಿಲ ಮೇಲೇ ಕೂತಿದ್ದ ಸಿದೋನಿಗೆ, ಹೇಳಲಿಲ್ಲ ಕಣೇ, ಒಳಗೆ ಬಾ, ಚಳಿ ಎಂದೆ.

ರಂಗಮಂದಿರ ರಿಪೇರಿಯಾಯಿತು. ಹೊಸ ಹುಡುಗಿಯೊಬ್ಬಳು ಏಗ್ಲೆಯಾದಳು, ಅನ್ಸೆಲ್ಮ್ ಅವಳಿಗೆ ಮೊದಲ ಸುತ್ತು ಊದಲು ಒಪ್ಪಲಿಲ್ಲ. ತಂಗಿಗಾಗಿ ಕಾಯುತ್ತ ಕೋಣೆಯಲ್ಲಿ ಒಬ್ಬನೇ ದಿನಾ ಊದುತ್ತಿದ್ದ, ಕೆಳಗಿನ ಬೀದಿಗೆಲ್ಲ ಕೇಳುತ್ತಿತ್ತು. ಮೊದಲ ಸುತ್ತು ಮುಗಿಸಿ ನಿಲ್ಲಿಸಿಬಿಡುತ್ತಿದ್ದ. ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ, ಸಾಯುವ ತನಕ ನನ್ನೊಡನೆ ಒಂದು ಮಾತಾಡಲಿಲ್ಲ. ಸಿದೋನಿ ಮಾತ್ರ ಹಿತ್ತಿಲ ಬಾಗಿಲಿನಿಂದ ವಾರಕ್ಕೆರಡು ಸಲ ಬರುತ್ತಿದ್ದಳು, ಮುಂಬಾಗಿಲಿಂದ ಬರಲು ಅವಳಿಗೆ ಧೈರ್ಯವಿರಲಿಲ್ಲ. ಒಮ್ಮೊಮ್ಮೆ ಅವಳ ಮುಖ ನೋಡಿದರೆ ಹೊಡೆಯಬೇಕೆನ್ನಿಸುತ್ತಿತ್ತು. ಬರದಿದ್ದರೆ ಯಾಕೆ ಬರಲಿಲ್ಲವೆಂದು ದಾರಿ ನೋಡುತ್ತಿದ್ದೆ.

ಹೋದ ವರ್ಷ ಅನ್ಸೆಲ್ಮನನ್ನು ಮಣ್ಣುಮಾಡುವ ದಿನ ನಾನು ಸ್ಮಶಾನದ ಗೋಡೆಯ ಹತ್ತಿರ ಎಲ್ಲರಿಗಿಂತ ಹಿಂದೆ ನಿಂತಿದ್ದೆ. ಸಿದೋನಿ ಜನರನ್ನು ಸರಿಸಿಕೊಂಡು ಬಂದು, ನನ್ನ ಕೈ ಹಿಡಿದು, ಗುಂಡಿಯ ಅಂಚಿನ ತನಕ ಕರೆದುಕೊಂಡು ಹೋಗಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮಣ್ಣು ಹಾಕಿ ಮುಗಿಯುವ ತನಕ ಕೈ ಬಿಡಲಿಲ್ಲ. ಊರಿನ ಹೆಂಗಸರು ಕಣ್ಣೊರೆಸಿಕೊಂಡು, ಎಂಥ ದೊಡ್ಡ ಮನಸ್ಸು ನೋಡಿ ಸಿದೋನಿಯದು, ಕೊನೆಗೂ ಬೆರ್ತಿಲ್‌ಳನ್ನು ಕ್ಷಮಿಸಿಬಿಟ್ಟಳು ಎಂದರು.